ಬಿಲ್ಲಿನ ಮೇಲಿನ ದೃಷ್ಟಿಬೊಟ್ಟು

ನನಗೆ ಬಿಲ್ಲು ಹಿಡಿಯಲು ಕಲಿಸಿದ ಚಾಚಾರ ಬಲಗೈಯ ಮೂರು ಬೆರಳುಗಳಿಗೆ, ಮೊದಲ ಗೆಣ್ಣಿನ ಹತ್ತಿರ, ಅಡ್ಡಲಾಗಿ ಒಂದೊಂದು ಗೀರು ಬಿದ್ದಿತ್ತು. ಬಾವಿಕಟ್ಟೆಯ ಕಲ್ಲನ್ನು ಹಗ್ಗ ಸವೆಸಿರುತ್ತದಲ್ಲ, ಹಾಗೆ. ನಲವತ್ತು ವರ್ಷ ಬಿಲ್ಲಿನ ಹೆದೆ ಎಳೆದ ಬೆರಳುಗಳು ಅವು. ಒಮ್ಮೆ ಹೊಸ ಸಿಮ್ ಕಾರ್ಡಿಗಾಗಿ ಅವರನ್ನು ನನ್ನ ಸ್ಕೂಟಿಯ ಮೇಲೆ ಕರೆದುಕೊಂಡು ಹೋಗಿದ್ದೆ. ಅಂಗಡಿಯವನು ಬೆರಳಚ್ಚಿನ ಯಂತ್ರ ಮುಂದಿಟ್ಟ. ತೋರುಬೆರಳು ಇಟ್ಟರು, ಕೆಂಪು ದೀಪ. ನಡುಬೆರಳು ಇಟ್ಟರು, ಮತ್ತೆ ಕೆಂಪು ದೀಪ. "ಸ್ವಲ್ಪ ಒರಸಿ ಇಡ್ರಿ ಅಜ್ಜಾರ," ಎಂದ ಅವನು. ಚಾಚಾ ಅಂಗಿಗೆ ಒರೆಸಿಕೊಂಡು ಇನ್ನೊಮ್ಮೆ ಇಟ್ಟು ನೋಡಿ ನಕ್ಕುಬಿಟ್ಟರು. "ಇವು ಸರಕಾರಕ್ಕ ಗುರ್ತಿಲ್ಲ ಬಿಡಪಾ. ಬಿಲ್ಲಿಗೆ ಗುರ್ತದಾವ." ಕೊನೆಗೆ ಎಡಗೈ ಕೊಟ್ಟು ಕೆಲಸ ಮುಗಿಸಿಕೊಂಡೆವು.

ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಮುಚ್ಚಿಟ್ಟುಕೊಂಡು ಏನು ಪ್ರಯೋಜನ? ಸಿಟ್ಟು ಮೊದಲಿನಿಂದಲೂ ನನ್ನ ಮೂಗಿನ ತುದಿಯಲ್ಲೇ ಇರುವಂಥದ್ದು, ಮನೆಯಲ್ಲಿ ಕೇಳಿ, ಶಾಲೆಯಲ್ಲಿ ಕೇಳಿ. ಆದರೆ ಆ ಸಿಟ್ಟುಗಳು ಒಂದು ಚಹಾ ಕುಡಿಯುವಷ್ಟರಲ್ಲಿ ಇಳಿಯುತ್ತವೆ. ಇದು ಎರಡು ವರ್ಷವಾದರೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೇ ಇದೆ.

ಚಾಚಾ ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಮನೆ ಬೈರಿದೇವರಕೊಪ್ಪದಲ್ಲಿ. ನಮ್ಮ ಮನೆ ನವನಗರದಲ್ಲಿ. ನಮ್ಮ ಹಿತ್ತಲಿನ ಆಚೆ ಆಗ ಖಾಲಿ ಸೈಟುಗಳೇ ಸೈಟುಗಳು. ಭಾನುವಾರ ಬೆಳಿಗ್ಗೆ ಅವರು ಸೈಕಲ್ ಮೇಲೆ ಅಲ್ಲಿಗೆ ಬಂದು, ಮಣ್ಣಿನ ದಿಬ್ಬಕ್ಕೆ ಚಿಂದಿ ತುಂಬಿದ ಗೋಣಿಚೀಲ ಆನಿಸಿ, ಒಬ್ಬರೇ ಬಾಣ ಬಿಡುತ್ತಿದ್ದರು. ನನಗೆ ಹದಿನಾಲ್ಕು. ಮೂರು ಭಾನುವಾರ ಕಾಂಪೌಂಡ್ ಗೋಡೆಯ ಮೇಲೆ ಕೂತು ನೋಡಿದೆ. ನಾಲ್ಕನೆಯದಕ್ಕೆ ಜಿಗಿದು ಹೋಗಿ, "ನನಗೂ ಕೊಡ್ರಿ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನ್ಯಾಗ ಕೇಳಿ ಬಾ," ಎಂದರು. ನಾನು ಕೇಳದೆಯೇ ಕೇಳಿದೆ ಎಂದೆ. ಅದು ಅವರಿಗೆ ಗೊತ್ತಾಯಿತು, ಆದರೂ ಕೊಟ್ಟರು.

ಮೊದಲ ಬಾಣ ಜಾಲಿಕಂಟಿಯೊಳಗೆ ಹೋಯಿತು. ನಾನು ನಿಂತಲ್ಲೇ ನಿಂತೆ, ಅವರು ತರುತ್ತಾರೆಂದು. ಅವರೂ ನಿಂತರು.

"ಬಿಟ್ಟಾಕಿ ನೀ. ತರಾಕಿ ಯಾರು?"

ಹೋದೆ. ಕೈಯೆಲ್ಲ ಮುಳ್ಳು ಗೀರಿಸಿಕೊಂಡು ತಂದೆ. ಅವರ ಹತ್ತಿರ ಕಾನೂನು ಅಂತ ಇದ್ದದ್ದು ಅದೊಂದೇ: ಬಿಟ್ಟವರೇ ನಡೆದುಹೋಗಿ ಬಾಣ ತರಬೇಕು, ತಂದ ಮೇಲೆ ಅದು ಯಾಕೆ ಅಲ್ಲಿಗೆ ಹೋಯಿತು ಎಂದು ಹೇಳಬೇಕು. "ಗಾಳಿ ಇತ್ತು" ಎಂದರೆ ಒಪ್ಪುತ್ತಿರಲಿಲ್ಲ. "ಗಾಳಿ ನನಗೂ ಇತ್ತಲ್ಲವ್ವಾ," ಎನ್ನುತ್ತಿದ್ದರು. ನಾನು ಒಂದು ಕಣ್ಣು ಮುಚ್ಚಿ ಗುರಿ ಹಿಡಿಯಲು ಹೊರಟರೆ ಬೆನ್ನ ಮೇಲೆ ಮೆಲ್ಲಗೆ ಒಂದು ಏಟು ಬೀಳುತ್ತಿತ್ತು. "ಗುರಿ ಕಣ್ಣಾಗ ಇಲ್ಲ, ಬೆನ್ನಾಗ ಐತಿ. ಬೆನ್ನು ಜಗ್ಗು. ಕಣ್ಣು ಸುಮ್ಮನ ಚೀಲ ನೋಡ್ಲಿ."

ಬಿಲ್ಲು ಅವರೇ ಮಾಡುತ್ತಿದ್ದರು. ದಾಂಡೇಲಿ ಕಡೆಯಿಂದ ಬಿದಿರು ತರಿಸಿ, ಸೀಳಿ, ಗಾಜಿನ ಚೂರಿನಿಂದ ಹೆರೆದು, ಕೆಂಡಕ್ಕೆ ಹಿಡಿದು ಬಾಗಿಸಿ, ಹಿಡಿಕೆಗೆ ಸೈಕಲ್ಲಿನ ಹಳೆಯ ಟ್ಯೂಬ್ ಸುತ್ತಿ, ಹೆದೆ ಏರಿಸಿ ಪಳಗಿಸುವವರೆಗೆ ಸರಿಯಾಗಿ ಹನ್ನೆರಡು ದಿನ. ಹನ್ನೊಂದಕ್ಕೆ ಕೇಳಿದರೆ ಕೊಡುತ್ತಿರಲಿಲ್ಲ. ಹನ್ನೆರಡನೆಯ ದಿನ ಬಿಲ್ಲು ಅಡುಗೆಮನೆಗೆ ಹೋಗುತ್ತಿತ್ತು. ಅಲ್ಲಿ ಚಾಚಿ, ಅಂದರೆ ಅವರ ಹೆಂಡತಿ, ಒಲೆಯ ಮೇಲೆ ಮೊಳೆ ಕಾಯಿಸಿ, ಹಿಡಿಕೆಯಿಂದ ನಾಲ್ಕು ಬೆರಳು ಮೇಲೆ, ಬಿಲ್ಲು ಹಿಡಿದವರ ಕಡೆಗೆ ಬರುವ ಮೈಗೆ ಒಂದು ಕಪ್ಪು ಚುಕ್ಕೆ ಸುಡುತ್ತಿದ್ದಳು. ದೃಷ್ಟಿಬೊಟ್ಟು. "ಕೂಸಿಗೆ ಹಚ್ಚೂದಿಲ್ಲೇನು? ಇದೂ ಕೂಸ. ನಜರ್ ಆಗಬಾರ್ದು," ಎನ್ನುತ್ತಿದ್ದಳು. ನನ್ನ ಬಿಲ್ಲಿಗೂ ಇಟ್ಟಳು, ಅದೇ ಮಸಿಗೈಯಿಂದ ನನ್ನ ಗಲ್ಲಕ್ಕೂ ಒಂದು ಇಟ್ಟಳು. ಎಲ್ಲ ಬಿಲ್ಲುಗಳ ಮೇಲೂ ಅದು ಇರುತ್ತಿತ್ತು. ಇರುವುದೇ ಹಾಗೆ ಅಂದುಕೊಂಡಿದ್ದೆ.

ನನಗೆ ಹದಿನಾರು ತುಂಬಿದ ವರ್ಷ ಊರಿಗೆ ಗಾಲಿಬಿಲ್ಲು ಬಂತು. ಮೇಲೊಂದು ಗಾಲಿ, ಕೆಳಗೊಂದು ಗಾಲಿ, ಹೆದೆಯಲ್ಲಿ ಕಿಂಡಿ, ಮುಂದೆ ಗುರಿ ತೋರಿಸುವ ಮಸೂರ. ಅದರ ಜೊತೆಗೆ ಒಂದು ಅಕಾಡೆಮಿಯೂ ಬಂತು. ನನ್ನ ನಂತರ ಚಾಚಾರ ಹತ್ತಿರ ಕಲಿಯಲು ಬಂದಿದ್ದ ಆರೇಳು ಮಂದಿ ಒಂದೇ ತಿಂಗಳಲ್ಲಿ ಅತ್ತ ಹೋದರು. ಹಿತ್ತಲ ಗಿಡ ಮದ್ದಲ್ಲವಲ್ಲ! ನಾನೂ ಹೋದೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು. ಹೋಗುವ ಮುಂಚೆ ಹೇಳಲು ಹೋದಾಗ ಚಾಚಾ ಮುಖ ಸಣ್ಣ ಮಾಡಲಿಲ್ಲ. "ಹೋಗವ್ವಾ, ಛಲೋ ಆಗು. ಬಾಣ ಮಾತ್ರ ನೀನ ತಗೊಂಬಾ," ಎಂದರು. ಅಲ್ಲಿ ಬಾಣ ಕಿತ್ತು ತರಲು ಒಬ್ಬ ಆಳು ಇದ್ದ.

ಅಕಾಡೆಮಿಯವರು ಒಮ್ಮೆ ಚಾಚಾರನ್ನೂ ಕರೆದರು. ಹೊಸ ಕಟ್ಟಡದ ಉದ್ಘಾಟನೆ. ಬಾಗಿಲಲ್ಲಿ ಬೇಟೆಗಾರನ ವೇಷ ಹಾಕಿಕೊಂಡು, ತಲೆಗೆ ಗರಿ ಸಿಕ್ಕಿಸಿಕೊಂಡು ನಿಲ್ಲಬೇಕಂತೆ. ಚಾಚಾ ಒಂದೇ ಮಾತು ಕೇಳಿದರು: "ಬಾಣ ಬಿಡಾಕ ಕೊಡ್ತೀರೇನ್ರಿ?"

"ಇಲ್ರಿ, ನೀವು ಫೋಟೋಕ್ಕ ಅಷ್ಟ."

ಗರಿಯನ್ನು ಮೇಜಿನ ಮೇಲೆ ಇಟ್ಟು ಸೈಕಲ್ ಹತ್ತಿದರು. ನಾನು ಅಲ್ಲೇ ಸಮವಸ್ತ್ರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಇವತ್ತು ಇಷ್ಟು ಮಾತಾಡುವ ಬಾಯಿ ಅವತ್ತು ಎಲ್ಲಿ ಹೋಗಿತ್ತೋ!

ನಾಲ್ಕೈದು ವರ್ಷದಲ್ಲಿ ನನ್ನ ಭುಜ ಕೆಟ್ಟಿತು, ಗಾಲಿಬಿಲ್ಲು ಬಿಟ್ಟಿತು. ಆಮೇಲೆ ನವನಗರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆದೆ. ಒಂದು ಭಾನುವಾರ ನಾಚಿಕೆ ಬಿಟ್ಟು ಚಾಚಾರ ಹತ್ತಿರ ಹೋದೆ. ಇಷ್ಟು ದಿನ ಎಲ್ಲಿದ್ದಿ ಎಂದು ಅವರು ಕೇಳಲಿಲ್ಲ. "ಭುಜಾ ತೋರ್ಸು," ಎಂದರು. ಅಷ್ಟು ಹೊತ್ತಿಗೆ ನಮ್ಮ ಹಿಂದಿನ ಸೈಟುಗಳಲ್ಲಿ ಮನೆಗಳಾಗಿದ್ದವು. ಬೈರಿದೇವರಕೊಪ್ಪದ ಆಚೆ ಒಂದು ಮುಚ್ಚಿದ ಇಟ್ಟಿಗೆ ಭಟ್ಟಿಯ ಜಾಗ ಸಿಕ್ಕಿತ್ತು. ಅಲ್ಲಿ ನಾವಿಬ್ಬರೇ.

ಚಾಚಿಯ ಕಾಯಿಲೆಯ ವರ್ಷ ಚಾಚಾ ಒಂದೇ ಒಂದು ಬಿಲ್ಲು ಮಾಡಿದರು, ತಮಗೋಸ್ಕರ. ಹನ್ನೆರಡನೆಯ ದಿನ ಅದನ್ನು ಹಾಸಿಗೆಯ ಹತ್ತಿರ ಒಯ್ದರು. ಮೊಳೆ ನಾನೇ ಕಾಯಿಸಿ ಇಕ್ಕಳದಲ್ಲಿ ಹಿಡಿದು ಚಾಚಿಯ ಕೈಗೆ ಕೊಟ್ಟೆ. ಕೈ ನಡುಗುತ್ತಿತ್ತು. ಬೊಟ್ಟು ದುಂಡಗೆ ಬೀಳದೆ ಒಂದು ಕಡೆ ಸ್ವಲ್ಪ ಬಾಲ ಎಳೆಯಿತು. "ಸೊಟ್ಟ ಆತ್ರೀ," ಎಂದಳು. "ನಜರ್‌ಗೇನ್ ಸೊಟ್ಟ ಗೊತ್ತಾಗತೈತೇನು?" ಎಂದರು ಚಾಚಾ. ಎಂಟು ದಿನಕ್ಕೆ ಚಾಚಿ ಹೋದಳು. ಆಮೇಲೆ ಅವರು ಬೇರೆ ಬಿಲ್ಲು ಕೈಯಲ್ಲಿ ಹಿಡಿಯಲಿಲ್ಲ.

ಆಮೇಲೆ ನೋಡಿ ತಮಾಷೆ. ಗಾಲಿಬಿಲ್ಲಿನವರಿಗೆ ಗಾಲಿ ಬೇಸರ ಬಂತು. ಮೊಬೈಲ್ ತೆರೆದರೆ ಯಾರೋ ಒಬ್ಬರು ಬರಿಯ ಬಿಲ್ಲು ಹಿಡಿದು, ಕಣ್ಣು ಅರ್ಧ ಮುಚ್ಚಿ, ಧ್ಯಾನ ಎನ್ನುತ್ತಿದ್ದರು, ಸಹಜ ಎನ್ನುತ್ತಿದ್ದರು. ಬೇರ್‌ಬೋ ಅಂತ ಹೆಸರು. ಗುರಿಕಣ್ಣು, ಮಸೂರ ಏನೂ ಇಲ್ಲದ ಬಿಲ್ಲು. ನಲವತ್ತು ವರ್ಷ ಕಣ್ಣ ಮುಂದೆ ಒಬ್ಬ ಮನುಷ್ಯ ಮಾಡಿದ್ದು ಅದನ್ನೇ. ಆಗ ಅದು ಬಿದಿರುಕಡ್ಡಿ, ಈಗ ಇಂಗ್ಲಿಷ್ ಹೆಸರು ಬಂದ ಕೂಡಲೇ ವಿದ್ಯೆ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಚಾಚಾರಿಗೆ ಮಾತ್ರ ಖುಷಿ. "ಬರ್ಲಿ ಬಿಡವ್ವಾ, ತಡಾ ಆದ್ರೂ ಬಂದ್ರಲ್ಲಾ."

ಅದೇ ಅಕಾಡೆಮಿ ಬೇರ್‌ಬೋ ಸ್ಪರ್ಧೆ ಇಟ್ಟಿತು, ವಯಸ್ಸಿನ ಮಿತಿ ಇಲ್ಲ. ಚಾಚಾ ಅರ್ಜಿ ಹಿಡಿದುಕೊಂಡು ನಮ್ಮ ಶಾಲೆಗೇ ಬಂದರು. ಅರವತ್ತೈದು ದಾಟಿದ ಮನುಷ್ಯ, ಹೆಡ್ ಮೇಡಂ ಮುಂದೆ ಮಕ್ಕಳ ಹಾಗೆ ನಿಂತಿದ್ದರು. ನನ್ನನ್ನು ಹೊರಗೆ ಕರೆದು ಹೇಳಿದರು:

"ಗೆಲ್ಲೂದು ಬ್ಯಾಡ. ಒಂದ ಸಲ ನನ್ನ ಬಿಲ್ಲು ಆ ಬಾಣ ಬಿಡೂ ಗೆರಿ ಮ್ಯಾಲೆ ನಿಂದರಬೇಕು. ಇದರ ಕಾನೂನು ಇಂಗ್ಲಿಷ್‌ನ್ಯಾಗ ಐತಿ, ನೀ ಓದಿ ಹೇಳು."

ಓದಿದೆ. ಮೂವತ್ತು ಪುಟ. ಬಿಲ್ಲಿನ ಅಳತೆ ಓದಿದೆ, ಬಾಣದ ದಪ್ಪ ಓದಿದೆ. ಬಿಲ್ಲಿನ ಒಳಮೈ ಮೇಲೆ ಗುರಿಗೆ ನೆರವಾಗುವ ಯಾವ ಗುರುತೂ ಇರಕೂಡದು ಎಂಬುದನ್ನೂ ಓದಿದೆ. ನಮ್ಮ ಬಿಲ್ಲಿಗೆ ಯಾವ ಗುರುತು, ಏನೂ ಇಲ್ಲ ಎಂದುಕೊಂಡು ಪುಟ ತಿರುವಿದೆ. "ಎಲ್ಲಾ ಬರೋಬರಿ ಅದರಿ ಚಾಚಾ," ಎಂದೆ. ಸ್ಪರ್ಧೆಗೆ ಇನ್ನೂ ಒಂದು ತಿಂಗಳಿತ್ತು. ಆ ತಿಂಗಳು ಅವರು ದಿನವೂ ಭಟ್ಟಿಗೆ ಬಂದು ಅಭ್ಯಾಸ ಮಾಡಿದರು.

ಸ್ಪರ್ಧೆಯ ದಿನ ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು, ಗಡ್ಡ ಕತ್ತರಿಸಿದ್ದರು, ಅತ್ತರು ಹಚ್ಚಿದ್ದರು. ಬಿಲ್ಲುಗಳ ತಪಾಸಣೆಗೆ ಒಬ್ಬ ತರುಣ ಕೂತಿದ್ದ. ಬಿಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ನೀವ ಮಾಡೀರೇನ್ರಿ? ಭಾರಿ ಐತ್ರಿ," ಎಂದ. ಒಳ್ಳೆಯ ಹುಡುಗನೇ. ಆಮೇಲೆ ತಿರುಗಿಸಿದ.

"ಇದೇನ್ರಿ ಚುಕ್ಕಿ?"

"ದೃಷ್ಟಿಬೊಟ್ಟಪಾ."

"ಗುರುತು ಇರೂ ಹಂಗಿಲ್ರಿ ಅಜ್ಜಾರ. ಇದನ್ನ ನೋಡಿ ಗುರಿ ಹಿಡೀಬಹುದು."

ಚಾಚಾ ನನ್ನ ಮುಖ ನೋಡಿದರು. ಆ ಸಾಲು, ಅದು ಇದ್ದ ಪುಟ, ಅದನ್ನು ತಿರುವಿದ ನನ್ನ ಬೆರಳು, ಎಲ್ಲವೂ ಒಮ್ಮೆಗೇ ನೆನಪಾಯಿತು. ನಾನು ಕೂಗಾಡಿದೆ. ಬೊಟ್ಟಿನ ಮೇಲೆ ಟೇಪಿನ ಪಟ್ಟಿ ಅಂಟಿಸುತ್ತೇವೆ ಎಂದೆ. ಪಟ್ಟಿಯ ಅಂಚೂ ಗುರುತೇ ಎಂದ. ಬೇರೆ ಬಿಲ್ಲು ತರಲು ಹೊತ್ತಿರಲಿಲ್ಲ. ಆ ತರುಣ ಪಾಪ, ತಾನೇ ಎದ್ದು ಹೋಗಿ ಒಂದು ತುಂಡು ಉಜ್ಜುಕಾಗದ ತಂದ. "ಹತ್ತ ನಿಮಿಷ ಐತ್ರಿ. ಉಜ್ಜಿಬಿಡ್ರಿ, ಒಳಗ ಬಿಡ್ತೇನಿ." ನಿಯಮ ಸರಿಯಾಗಿಯೇ ಇತ್ತು. ಅದೇ ನನಗೆ ತಡೆಯಲಾಗದ್ದು. ಬೈಯಬೇಕೆಂದರೆ ಬೈಯಲು ಸರಿಯಾದ ಮನುಷ್ಯನೇ ಇಲ್ಲ.

ಚಾಚಾ ಉಜ್ಜುಕಾಗದ ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಆ ಸೊಟ್ಟ ಬೊಟ್ಟನ್ನು ಒಮ್ಮೆ ಮುಟ್ಟಿದರು. ಉಜ್ಜುಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಇಟ್ಟರು, ಆ ಗರಿ ಇಟ್ಟ ಹಾಗೆ.

"ಬ್ಯಾಡಪಾ. ನಿನ್ನ ತಪ್ಪಿಲ್ಲ."

"ಉಜ್ರಿ ಚಾಚಾ!" ಎಂದು ನಾನು ಎಲ್ಲರ ಮುಂದೆ ಅವರ ಮೇಲೆ ಹರಿಹಾಯ್ದೆ. "ಚುಕ್ಕಿ ಹೋದ್ರ ಹೋತು! ಇದಕ್ಕಂತ ಇಷ್ಟ ವರ್ಷ ಕಾದೀರಿ!"

"ನನ್ನ ಹತ್ರ ಆಕಿ ಇಟ್ಟದ್ದು ಅದೊಂದ ಉಳದೈತಿ," ಎಂದರು. ದನಿ ಏರಲಿಲ್ಲ. ಬಿಲ್ಲಿನ ಹೆದೆ ಇಳಿಸಿದರು.

ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಉಣಕಲ್ ದಾಟಿದೆ. ಆಮೇಲೆ ಹಿಂದಿನಿಂದ ಕೇಳಿದರು: "ಪುಸ್ತಕದಾಗ ಬರದಿತ್ತೇನವ್ವಾ?"

"ಬರದಿತ್ರಿ. ಓದಿದ್ದೆ. ಬೊಟ್ಟು ನೆನಪಾಗಲಿಲ್ರಿ."

"ನನಗೂ ಅಷ್ಟ. ನಲವತ್ತ ವರ್ಷ ಕಣ್ಣ ಮುಂದ ಇದ್ರೂ ಅದನ್ನ ನಾ ನೋಡೇ ಇಲ್ಲ." ನಕ್ಕರು. ನನಗೆ ಅಳು ಬಂತು, ಹೆಲ್ಮೆಟ್ಟಿನೊಳಗೇ ಅತ್ತೆ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಚಾಚಾ ಹೋದರು. ಎದೆನೋವು, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ. ನಲವತ್ತು ದಿನ ಕಳೆದ ಮೇಲೆ ಅವರ ಮಗಳು ಬಿಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಮನೆಗೆ ತಂದು ಕೊಟ್ಟಳು. "ನಿಮಗ ಕೊಡು ಅಂದಿದ್ರು ಅಕ್ಕಾರ." ನಾನು ಆ ಭಾನುವಾರ ಭಟ್ಟಿಗೆ ಹೋಗಿ, ಹಠಕ್ಕೆ, ಆ ಬೊಟ್ಟನ್ನೇ ಗೋಣಿಚೀಲಕ್ಕೆ ಸರಿಹಿಡಿದು ಹತ್ತು ಬಾಣ ಬಿಟ್ಟೆ. ಗುರಿಗೆ ನೆರವಾಗುವ ಗುರುತಂತೆ! ಹತ್ತರಲ್ಲಿ ಒಂದೂ ಚೀಲ ಮುಟ್ಟಲಿಲ್ಲ. ಎಲ್ಲವನ್ನೂ ಕೆಸರಿನಲ್ಲಿ ಹುಡುಕಿ ನಾನೇ ತಂದೆ.

ಹೋದ ತಿಂಗಳು ಅಕಾಡೆಮಿಯಿಂದ ಫೋನ್ ಬಂತು. ಹೊಸ ಸಭಾಂಗಣದ ಗೋಡೆಗೆ ನಮ್ಮ ಭಾಗದ ಪರಂಪರೆ ಎಂದು ಗಾಜಿನ ಪೆಟ್ಟಿಗೆ ಮಾಡಿಸಿದ್ದಾರಂತೆ. ಚಾಚಾರ ಬಿಲ್ಲು ಬೇಕಂತೆ.

"ಗೋಡಿಗೆ ಯಾಕ್ರೀ? ಗೆರಿಗೆ ಕರೀರಿ, ತರ್ತೇನಿ. ಬೊಟ್ಟಿನ ಸಮೇತ ಬಿಡ್ತೀರೇನು?"

"ಮೇಡಂ, ರೂಲ್ಸ್ ಅಂದ್ರ ರೂಲ್ಸ್ ಅಲ್ರಿ..."

"ಹಂಗಾದ್ರ ಆ ಪೆಟ್ಟಿಗ್ಯಾಗ ಆ ಗರಿ ಇಡ್ರಿ," ಎಂದು ಫೋನ್ ಇಟ್ಟೆ. ಅವನಿಗೆ ಯಾವ ಗರಿ ಎಂದು ತಿಳಿದಿರಲಿಕ್ಕಿಲ್ಲ. ಸಿಟ್ಟಿಗೆ ಒಂದು ಕ್ಷಣ ತಂಪೆನಿಸಿತು. ಆದರೆ ಫೋನ್ ಇಟ್ಟ ಮೇಲೆ ಕೋಣೆಯಲ್ಲಿ ಉಳಿಯುವವಳು ನಾನೇ ತಾನೆ? ಗಾಳಿಯ ಮೇಲೆ ಹಾಕಿದರೆ ಚಾಚಾ ಒಪ್ಪುತ್ತಿರಲಿಲ್ಲ. ಬಿಟ್ಟವಳೇ ಹೋಗಿ ತರಬೇಕು, ಯಾಕೆ ತಪ್ಪಿತು ಎಂದು ಹೇಳಬೇಕು. ಹೇಳುತ್ತೇನೆ. ಬೊಟ್ಟಿಲ್ಲದ ಹೊಸ ಬಿಲ್ಲೊಂದನ್ನು ಮಾಡಲು ಚಾಚಾರಿಗೆ ಹನ್ನೆರಡು ದಿನ ಸಾಕಿತ್ತು. ಆ ಸಾಲನ್ನು ಓದಿ ಪುಟ ತಿರುವಿದಾಗ ನನ್ನ ಕೈಯಲ್ಲಿ ಮೂವತ್ತು ದಿನ ಇದ್ದವು.