ಬೋನಾಳ ಕೆರೆಯ ಹಕ್ಕಿಗಳೂ ಎಸ್ಟೋನಿಯಾದ ಷೇರೂ

ಎಸ್ಟೋನಿಯಾ ಎಂಬ ದೇಶದ ಮೇಲೆ ನನಗೆ ಮನಸ್ಸಾದದ್ದು ಶಹಾಪುರದಲ್ಲಿ. ಪಹಣಿಯಲ್ಲಿ ಅಜ್ಜನ ಹೆಸರು ತೆಗೆಸಿ ಅಪ್ಪನ ಹೆಸರು ಏರಿಸಲು ಒಂದು ಕಚೇರಿಗೆ ನಾಲ್ಕನೇ ಸಲ ಹೋಗಿದ್ದೆ. ಬೆಂಚಿನ ಮೇಲೆ ಕೂತು ಫೋನು ನೋಡುವಾಗ, ಯುರೋಪಿನ ಮೇಲ್ಭಾಗದಲ್ಲಿ ಹೆಚ್ಚುಕಡಿಮೆ ನಮ್ಮ ಯಾದಗಿರಿ ಜಿಲ್ಲೆಯಷ್ಟೇ ಜನರಿರುವ ದೇಶವೊಂದಿದೆ, ಅಲ್ಲಿ ಓಟು ಹಾಕುವುದರಿಂದ ಹಿಡಿದು ಕಂಪನಿ ತೆರೆಯುವವರೆಗೆ ಎಲ್ಲವನ್ನೂ ಮನೆಯಲ್ಲೇ ಕೂತು ಮುಗಿಸುತ್ತಾರೆ ಎಂದು ಓದಿದೆ. ಅಷ್ಟರಲ್ಲಿ ಗುಮಾಸ್ತರು ಹೊರಬಂದು, "ಸಾಹೇಬ್ರು ಊಟಕ್ಕ ಹೋಗ್ಯಾರ, ನಾಳಿ ಬರ್ರಿ" ಎಂದರು. ಗಂಟೆ ಆಗಿನ್ನೂ ಹನ್ನೊಂದು. ಅಂಥ ದೇಶದ ಷೇರುಪೇಟೆಯಲ್ಲಿ ದುಡ್ಡು ಹಾಕದವನು ಮೂರ್ಖ ಎಂದು ಆ ಬೆಂಚಿನ ಮೇಲೆಯೇ ತೀರ್ಮಾನಿಸಿದೆ. ನಾನು ಸುರಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಷೇರಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ.

ದುಡ್ಡು ಅವ್ವನ ಮೊಣಕಾಲಿನದು. ಎರಡೂ ಕೀಲು ಸವೆದಿವೆ, ಎರಡನ್ನೂ ಬದಲಿಸಬೇಕು ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಅಪ್ಪ ಎತ್ತು ಮಾರಿದ ಹಣಕ್ಕೆ ನನ್ನ ಉಳಿತಾಯ ಸೇರಿಸಿ ಇಟ್ಟಿದ್ದೆವು. "ಹತ್ತಿ ಬಿಡಿಸೋದು ಮುಗೀಲಿ, ಆಮ್ಯಾಗ ಹೋಗೂಣು" ಎಂದು ಅವ್ವನೇ ಮುಂದೂಡಿದ್ದಳು. ಅಲ್ಲಿಯವರೆಗೆ ಹಣ ಸುಮ್ಮನೆ ಯಾಕೆ ಕೂತಿರಬೇಕು ಎಂಬುದು ನನ್ನ ಲೆಕ್ಕ.

ಒಪ್ಪಬೇಕಾದವನು ಅಪ್ಪ. ಅವನು ಕೆಂಭಾವಿ ಸಂತೆಯಲ್ಲಿ ದನದ ದಲ್ಲಾಳಿ. ಯಾರದೇ ಮನೆತನ ಅಳೆಯುವುದಕ್ಕೆ ಅವನದೊಂದೇ ದಾರಿ: ಪಡಸಾಲೆಯಲ್ಲಿ ಕೂರದೆ ನೇರ ಹಿತ್ತಲಿಗೆ ಹೋಗಿ ದನ ನೋಡುವುದು. ದನ ಮೈದುಂಬಿದ್ದರೆ ಮನೆ ಚೆನ್ನಾಗಿದೆ ಎಂದರ್ಥ. ಕಕ್ಕೇರಾದಲ್ಲಿ ನನಗೆ ಹೆಣ್ಣು ನೋಡಲು ಹೋದಾಗಲೂ ಮೊದಲು ಎರಡು ಎಮ್ಮೆ ನೋಡಿ ಹೂಂ ಅಂದ, ಆಮೇಲೆ ಹುಡುಗಿಯನ್ನು ಕರೆಸಿದ. ನನ್ನ ಹೆಂಡತಿ ಇದನ್ನು ಇವತ್ತಿಗೂ ಮರೆತಿಲ್ಲ.

"ಎಲ್ಲಾ ಖರೆ ತಮ್ಮಾ, ಅವರ ದನ ನೋಡೋದು ಹ್ಯಾಂಗ?" ಎಂದ ಅಪ್ಪ. ನಾನು ನಕಾಶೆ ಬಿಚ್ಚಿ ಬೆರಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ದು ತೋರಿಸಿದೆ.

"ಬಡಗಣ ದಿಕ್ಕೇನು? ಹಂಗಾದ್ರ ಏನ್ ಕಷ್ಟ ಅದ. ಚಳಿಗಾಲಕ್ಕ ಬೋನಾಳ ಕೆರಿಗೆ ಹಕ್ಕಿ ಬಂದಾವಲ್ಲ, ಅವು ಆ ಕಡಿವೇ."

ಮರುದಿನ ಬೈಕಿನಲ್ಲಿ ಕರೆದೊಯ್ದೆ. ಅಪ್ಪ ಕೆರೆಯ ಏರಿಯ ಮೇಲೆ ಕೂತು, ಹಣೆಗೆ ಕೈ ಅಡ್ಡ ಹಿಡಿದು, ಸಂತೆಯಲ್ಲಿ ಹೋರಿ ನೋಡುವ ಹಾಗೆಯೇ ಒಂದು ತಾಸು ನೋಡಿದ. "ಮೈ ತುಂಬ್ಯಾವ. ಕುತ್ತಿಗಿ ಎತ್ತಿ ನಡೀತಾವ. ಮೇವು ಹಾಕೋದು ಬಲ್ಲ ಮಂದಿ ಅದಾರ. ಹಾಕು ರೊಕ್ಕ" ಎಂದ. ಆ ಹಕ್ಕಿಗಳಿಗೂ ಎಸ್ಟೋನಿಯಾಕ್ಕೂ ಸಂಬಂಧವಿಲ್ಲ ಎಂದು ಭೂಗೋಳದ ಮಾಸ್ತರನಾದ ನಾನು ಹೇಳಬೇಕಿತ್ತು. ಒಪ್ಪಿಗೆ ಸಿಕ್ಕಿತಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೊರದೇಶಕ್ಕೆ ಹಣ ಕಳಿಸುವ ಅರ್ಜಿ ತುಂಬಲು ಯಾದಗಿರಿಯ ಬ್ಯಾಂಕಿಗೆ ಹೋದೆವು. ಅರ್ಜಿ ನೋಡಿದ ಮ್ಯಾನೇಜರು ಕನ್ನಡಕ ಏರಿಸಿಕೊಂಡು, "ಸರ್, ಅಲ್ಲಿ ನಿಮ್ಮವರು ಯಾರಾದ್ರೂ ಅದಾರೇನ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಹಕ್ಕಿ ಅದಾವ್ರಿ" ಎಂದ. ಅವರು ಮತ್ತೇನೂ ಕೇಳದೆ ಠಸ್ಸೆ ಒತ್ತಿದರು.

ಆ ಹಣದಲ್ಲಿ ಕೊಂಡ ಷೇರು ಮೊದಲ ವಾರ ಏರಿತು. ಆಮೇಲೆ ಇಳಿಯಲು ಹಿಡಿದದ್ದು ನಿಲ್ಲಲೇ ಇಲ್ಲ. ಮಾರೋಣ ಎಂದರೆ ಅಪ್ಪ ಒಪ್ಪಲಿಲ್ಲ. "ಫೋನಿನ ಮಾತು ಬಿಡು. ನಿನ್ನೆ ನಾನೇ ನೋಡಿ ಬಂದೀನಿ, ಒಂದೂ ಸೊರಗಿಲ್ಲ." ತಮಾಷೆಯೆಂದರೆ ಬರುಬರುತ್ತ ನನಗೂ ಅದೇ ಧೈರ್ಯವಾಯಿತು. ಷೇರು ಇಳಿದು ಫೋನಿನಲ್ಲಿ ಅಂಕಿ ಕೆಂಪಾದ ದಿನ ಶಾಲೆಯಿಂದ ನೇರ ಮನೆಗೆ ಬಂದು, "ಹಕ್ಕಿ ಹ್ಯಾಂಗ ಅದಾವಪ್ಪಾ?" ಎಂದು ಕೇಳುತ್ತಿದ್ದೆ. ಒಂದು ಹಕ್ಕಿ ಕುಂಟುತ್ತಿದೆ ಎಂದು ಅವನು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇತ್ತ ಹತ್ತಿ ಬಿಡಿಸುವುದು ಮುಗಿದಿತ್ತು. ಅವ್ವ ಮೆಟ್ಟಿಲನ್ನು ಕೂತುಕೊಂಡೇ ಇಳಿಯಲು ಶುರುಮಾಡಿದ್ದಳು. ನಾವು ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತಿದ್ದೆವು.

ಕೊನೆಗೆ ಅವ್ವ, "ಆ ಹಕ್ಕಿ ನನಗೂ ಒಮ್ಮಿ ತೋರಸ್ರಿ" ಎಂದಳು. ಶಾಲೆಗೆ ರಜೆ ಹಾಕಿ, ಆಟೋ ಮಾಡಿಕೊಂಡು ಮಧ್ಯಾಹ್ನ ಹೋದೆವು. ಆಟೋ ನಿಂತಲ್ಲಿಂದ ಕೆರೆಯ ಏರಿ ನೂರು ಮಾರು ದೂರವಿರಬಹುದು. ಅಷ್ಟು ನಡೆಯಲು ಅವಳಿಗೆ ಕಾಲು ಗಂಟೆ ಹಿಡಿಯಿತು. ಕಲ್ಲಿನ ಮೇಲೆ ಕೂತು, ಹಕ್ಕಿಗಳು ಕೆರೆಯಿಂದೆದ್ದು ಕೆಳಗಿನ ನೆಲ್ಲಿನ ಹೊಲಕ್ಕೆ ಇಳಿಯುವುದನ್ನೂ, ಮೇದು ಮರಳುವುದನ್ನೂ ನೋಡಿದಳು.

"ಇವು ಬಂದು ಎಷ್ಟು ದಿನ ಆತ್ರಿ?"

"ದೀಪಾವಳಿ ಆದ ಮ್ಯಾಲ ಬಂದಾವ" ಎಂದ ಅಪ್ಪ.

"ಅಂದ್ರ ಮೂರು ತಿಂಗಳಾತು. ನಮ್ಮೂರ ನೆಲ್ಲು ತಿಂದು ಮೈ ತುಂಬಿದ ಹಕ್ಕಿ ನೋಡಿ, ಅವರ ಮನಿ ಚಲೋ ಅದ ಅಂತೀರಲ್ಲ."

ಸಂತೆಯಲ್ಲಿ ಅಪ್ಪನ ಮಾತಿಗೆ ಎದುರಾಡಿದವರನ್ನು ನಾನು ಕಂಡಿರಲಿಲ್ಲ. ಅಲ್ಲೇ ನಿಂತು ಫೋನು ತೆಗೆದು ಎಲ್ಲವನ್ನೂ ಮಾರಿದೆ. ಎರಡೇ ನಿಮಿಷದಲ್ಲಿ ಕೆಲಸ ಮುಗಿಯಿತು. ಆ ದೇಶದ ಬಗ್ಗೆ ಓದಿದ್ದು ಸುಳ್ಳಾಗಿರಲಿಲ್ಲ.

"ಉಳಿದ ರೊಕ್ಕ ಒಂದು ಕಾಲಿಗೆ ಸಾಕಾಗ್ತದ" ಎಂದೆ.

ಅಪ್ಪ ಅವ್ವನ ಕಡೆ ತಿರುಗಿ, "ಯಾವ ಕಾಲು ಭಾಳ ನೋಯ್ತದ ನಿನಗ?" ಎಂದ.

"ಇಷ್ಟು ವರ್ಷ ಮನಿಯಾಗ ಯಾರೂ ಕೇಳಿಲ್ಲ" ಎಂದಳು ಅವ್ವ. "ತಡೀರಿ, ನಡದು ನೋಡಿ ಹೇಳ್ತೀನಿ."

ಕಲ್ಲಿಗೆ ಕೈಯೂರಿ ಎದ್ದು ಏರಿಯ ಮೇಲೆ ನಡೆಯತೊಡಗಿದಳು. ನಾವಿಬ್ಬರೂ ಹಿಂದೆ ಹಿಂದೆ ಹೋದೆವು, ಅವಳ ಕಾಲುಗಳನ್ನೇ ನೋಡುತ್ತ.