ಹಸಿರು ಕಾಲನಿಯ ಪಾಲೆ ಮರ

ಉಪ್ಪಳದ ಹತ್ತಿರವಿರುವ ನಮ್ಮ ಕಾಲನಿಯ ಗೇಟಿನಲ್ಲಿ ‘ಹಸಿರು ಕಾಲನಿ’ ಎಂಬ ಬೋರ್ಡು ಇದೆ. ಅದನ್ನು ನಿಲ್ಲಿಸಲು ಜಾಗ ಬೇಕೆಂದು ಅಲ್ಲಿದ್ದ ಹಲಸಿನ ಮರ ಕಡಿದರು. ಆಮೇಲೆ ನೇರಳೆ, ಮಾವು, ಪುನರ್ಪುಳಿ ಎಲ್ಲವೂ ಹೋದವು. ಕಾರಿನ ಮೇಲೆ ಹಣ್ಣು ಉದುರಿಸಿದ್ದು ಅವುಗಳ ಅಪರಾಧ. ಬದಲಿಗೆ ಕಾಲನಿ ಸಂಘದ ಅಧ್ಯಕ್ಷರು ರಸ್ತೆಯುದ್ದಕ್ಕೂ ಒಂದೇ ಜಾತಿಯ ಪಾಮ್ ಗಿಡ ನೆಡಿಸಿದರು. ಬಹುಕಾಲ ದುಬೈಯಲ್ಲಿದ್ದವರು, ಮರವೆಂದರೆ ಸಾಲಾಗಿ ನಿಂತು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಅಭಿಪ್ರಾಯ ಅವರದು.

ಉಳಿದದ್ದು ನನ್ನ ಮನೆಯ ಪಡುವಣ ಬದಿಯ ಪಾಲೆ ಮರ ಒಂದೇ. ಅದರಲ್ಲಿ ಯಕ್ಷಿ ಇದ್ದಾಳೆಂದು ಕಡಿಯಲು ಬಂದವರು ಹೆದರಿ ಹಿಂದೆ ಸರಿದಿದ್ದರು. ಯಕ್ಷಿಯ ದಯೆಯಿಂದ ನನಗೆ ಮಧ್ಯಾಹ್ನದ ನೆರಳು ದಕ್ಕಿತು. ಆ ಮರ ಉಳಿಯಲಿ ಎಂಬುದು ಬಿಟ್ಟರೆ ಕಾಲನಿಯಿಂದ ನಾನು ಬೇರೇನನ್ನೂ ಬಯಸಿದವಳಲ್ಲ.

ಕಳೆದ ವರ್ಷ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ ಬಂತು. ಆ ದಿನ ಸೂರ್ಯ ಹುಟ್ಟುವ ಮೊದಲು ಪಾಲೆಯ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿದರೆ ವರ್ಷವಿಡೀ ರೋಗ ಬಾರದೆಂಬುದು ನಮ್ಮ ತುಳುವರ ನಂಬಿಕೆ. ಮೊದಲು ಊರ ತುಂಬ ಪಾಲೆ ಇತ್ತು. ಈಗ ಇಡೀ ಕಾಲನಿಗೆ ಇದೊಂದೇ. ಒಬ್ಬರು ಸ್ವಲ್ಪ ತೊಗಟೆ ತೆಗೆಯಲಿ, ಒಂದೇ ಪಾತ್ರೆಯಲ್ಲಿ ಕಾಯಿಸಿ ಎಲ್ಲರಿಗೂ ಹಂಚೋಣ ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಯಾರ ಮನೆಯ ಪಾತ್ರೆ ಎಂದು ಒಬ್ಬರು ಕೇಳಿದ್ದೇ ತಡ, ಒಬ್ಬರ ಹಿಂದೊಬ್ಬರು ಗುಡ್ ನೈಟ್ ಕಳಿಸಿದರು.

ಅಮಾವಾಸ್ಯೆಯ ಮುಂಜಾನೆ ಟಕಟಕ ಸದ್ದಿಗೆ ಎದ್ದು ನೋಡಿದರೆ ಮರದ ಸುತ್ತ ಮೊಬೈಲ್ ಬೆಳಕು. ಹಿಂದಿನವರು ತೊಗಟೆ ತರಲು ಬಟ್ಟೆಯಿಲ್ಲದೆ ಹೋಗುತ್ತಿದ್ದರಂತೆ. ಸಿಸಿಟಿವಿ ಇರುವುದರಿಂದ ನಮ್ಮವರು ಟ್ರ್ಯಾಕ್ ಪ್ಯಾಂಟಿನಲ್ಲಿದ್ದರು.

“ಸಾಕು ಮಾರಾಯ್ರೆ, ಮರ ಸಾಯ್ತದೆ!” ಎಂದು ಕೂಗಿದೆ.

“ನಮಗೆ ಒಂದು ತುಂಡು ಮಾತ್ರ ಅಕ್ಕ,” ಎಂದರು ಪ್ರತಿಯೊಬ್ಬರೂ.

ಸುಳ್ಳಲ್ಲ. ಒಂದೊಂದೇ ತುಂಡು ಹೋಗಿ, ಬೆಳಕು ಹರಿಯುವಾಗ ಬುಡದ ಸುತ್ತ ತೊಗಟೆಯೇ ಉಳಿದಿರಲಿಲ್ಲ.

ಕಷಾಯ ಕುಡಿದವರೆಲ್ಲ ಚೆನ್ನಾಗಿದ್ದಾರೆ. ಮರ ಮಾತ್ರ ಒಣಗಿತು. ಪಕ್ಕದ ಮನೆಯ ಬ್ಯಾರಿ ಹೆಂಗಸು ಗೋಡೆಯಾಚೆಯಿಂದ, “ಅದಕ್ಕೆ ಎಂತ ಮದ್ದು ಇಲ್ವಾ?” ಎಂದು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಈ ವರ್ಷ ಆಟಿ ಹತ್ತಿರವಾದಾಗ ಅಧ್ಯಕ್ಷರು ತುರ್ತು ಸಭೆ ಕರೆದರು. ಪಾಲೆ ಸಸಿ ನೆಡುವ ಮಾತು ಬರಬಹುದೆಂಬ ಆಸೆಯಿಂದ ನಾನು ಮುಂದಿನ ಸಾಲಿನಲ್ಲೇ ಕುಳಿತೆ.

“ಆಚೆ ಕಾಲನಿಯಲ್ಲಿ ಒಂದು ಪಾಲೆ ಉಂಟಂತೆ,” ಎಂದರು ಅವರು. “ಅಲ್ಲಿಯವರು ಏಳುವ ಮೊದಲೇ ನಾವು ಹೋಗಬೇಕು.”