ಹೊಳೆಯ ಮೇಲಿನ ಚಿಕ್ಕಿ

ಮಣ್ಣೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಪ್ರಶ್ನೆ ನನ್ನ ಕೈಮೀರಿದಾಗ ಆನ್‌ಲೈನಿನಲ್ಲಿ ಬಲ್ಲವರನ್ನು ಹಿಡಿದು ಕೇಳಿಸುವುದು ನನ್ನ ಹುಚ್ಚು. ಮೀನಿಗೆ ನೀರಡಿಕಿ ಆಗ್ತದೇನ್ರಿ, ಚಂದ್ರನ ಮ್ಯಾಲ ಜೋಳ ಬಿತ್ತಿದ್ರ ಹಕ್ಕಿ ಕಾಟ ಇರಂಗಿಲ್ಲಲ್ರಿ? ಇಂಥವಕ್ಕೆ ಬಿ.ಎಡ್‌ನಲ್ಲಿ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲ.

ನಕ್ಷತ್ರಗಳ ಪಾಠ ಮುಗಿಸಿದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಹಿಂದೆಯೇ ಬಂದಳು. ಆ ಮಳೆಗಾಲದಲ್ಲಿ ಅವಳ ತಾಯಿ ತೀರಿಕೊಂಡಿದ್ದಳು.

"ಸರ್, ನಮ್ಮ ತಂಗಿ ಸಣ್ಣಾಕಿ ಅದಾಳ್ರಿ. ಅವ್ವ ಚಿಕ್ಕಿ ಆಗ್ಯಾಳ ಅಂತ ದಿನಾ ಸಂಜಿಕ ತೋರಸ್ತೇನಿ. ನೀವು ಚಿಕ್ಕೀನೂ ಸಾಯ್ತಾವ ಅಂದ್ರಿ. ಈಗ ಆಕಿಗೇನ್ ಹೇಳ್ಲಿ?"

ಮಾಡಿದ ಪಾಠವನ್ನು ವಾಪಸು ತೆಗೆದುಕೊಳ್ಳಲಾದೀತೆ? ಖಗೋಳ ವಿಜ್ಞಾನಿಯೊಬ್ಬರು ಆನ್‌ಲೈನ್ ಬರುವ ಮಧ್ಯಾಹ್ನ ಅವಳನ್ನೇ ಎಲ್ಲರಿಗಿಂತ ಮುಂದೆ ಕೂರಿಸಿದೆ.

ಕಿಟಕಿಗೆಲ್ಲ ಜಮಖಾನೆ ಇಳಿಬಿಟ್ಟಿದ್ದೆವು. ಹಾಡುಹಗಲೇ ಕೋಣೆ ಕತ್ತಲಾಗಿ, ತೂತುಗಳಿಂದ ಇಳಿದ ಬಿಸಿಲು ಮಕ್ಕಳ ತಲೆಯ ಮೇಲೆ ಬೊಟ್ಟುಬೊಟ್ಟಾಗಿ ಬಿದ್ದಿತ್ತು. ಪರದೆಯ ಮೇಲೆ ಆಕಾಶಗಂಗೆ ತಿರುಗುತ್ತಿದ್ದರೆ ನಮ್ಮ ಬೆಂಚುಗಳೂ ನೆಲ ಬಿಟ್ಟು ಮೆಲ್ಲಗೆ ತೇಲುತ್ತಿರುವಂತೆ ಕಂಡಿತು. ಹೊಳೆದಂಡೆಯ ಪಂಪ್‌ಸೆಟ್ಟಿನ ಗುನುಗು ಕೂಡ ಮೇಲಿನಿಂದಲೇ ಬರುತ್ತಿದೆಯೇನೋ ಅನ್ನಿಸಿತು. ನಾನಂತೂ ಅರ್ಧ ಕನಸಿನಲ್ಲಿದ್ದೆ.

ಹುಡುಗಿ ಎದ್ದು ನಿಂತಳು. "ಮೇಡಂ, ಚಿಕ್ಕಿ ಸತ್ತರ ಮುಂದ ಏನಾಗ್ತದ್ರಿ?"

ವಿಜ್ಞಾನಿ ಮೈಸೂರಿನವರು. ಅವರ ಮುಖ ಸಪ್ಪಗಾಯಿತು. "ಅಯ್ಯೋ ಪುಟ್ಟಾ, ನಿಮ್ಮ ಚಿಕ್ಕಿಗೆ ಏನಾಗಿತ್ತು?"

ನಮಗೆ ಚಿಕ್ಕಿ ಅಂದರೆ ನಕ್ಷತ್ರ; ಅವರ ಕಡೆ ಚಿಕ್ಕಮ್ಮ. ಕೋಣೆಯಲ್ಲಿ ನಗೆಯೋ ನಗೆ. ಸುಳ್ಳೇಕೆ, ನನಗೂ ನಗು ಬಂತು. ಹುಡುಗಿ ಮಾತ್ರ ನಗಲಿಲ್ಲ.

"ಚಿಕ್ಕಿ ಅಂದ್ರ ಮ್ಯಾಲಿನ ನಕ್ಷತ್ರರಿ. ಸತ್ತಾಕಿ ನಮ್ಮವ್ವ," ಎಂದು ತಂಗಿಯ ವಿಷಯವನ್ನೆಲ್ಲ ಹೇಳಿದಳು.

ನಗು ನಿಂತಿತು. ವಿಜ್ಞಾನಿ ಪರದೆಯ ಹತ್ತಿರಕ್ಕೆ ಬಾಗಿದರು. "ಯಾವುದನ್ನು ತೋರಿಸ್ತೀಯಾ?"

"ಹೊತ್ತು ಮುಳುಗಿದ ಕೂಡ್ಲೇ ಹೊಳಿ ಮ್ಯಾಲ ಎಲ್ಲಾಕ್ಕಿಂತ ಮೊದ್ಲ ಕಾಣ್ತದಲ್ರಿ, ಅದು."

ಅದು ಶುಕ್ರ ಗ್ರಹ, ನಕ್ಷತ್ರವೇ ಅಲ್ಲ! ಇದ್ದೊಂದು ಚಿಕ್ಕಿಯನ್ನೂ ಇವರು ಕಿತ್ತುಕೊಳ್ಳುತ್ತಾರಲ್ಲ ಎಂದು ಹೆದರಿದೆ. ಸದಾ ಕೈಕೊಡುವ ನೆಟ್‌ವರ್ಕ್ ಈಗಲಾದರೂ ಹೋಗಬಾರದೇ ಎಂದು ಬೇಡಿಕೊಂಡೆ. ಹೋಗಲಿಲ್ಲ.

"ಅದು ನಕ್ಷತ್ರ ಅಲ್ಲಮ್ಮ, ಶುಕ್ರ," ಅಂದರು ಅವರು ಮೆಲ್ಲಗೆ. "ನಕ್ಷತ್ರ ಸಾಯೋ ಹಾಗೆ ಅದು ಸಾಯಲ್ಲ. ಕೆಲವು ತಿಂಗಳು ಸಂಜೆ ಕಾಣಲ್ಲ, ಆಗ ಬೆಳಗಿನ ಜಾವ ಎದ್ದು ನೋಡ್ಬೇಕು. ನಕ್ಷತ್ರಗಳೆಲ್ಲ ಬಹಳ ದೂರ. ಇದು ನಮ್ಮ ಭೂಮಿಗೆ ಪಕ್ಕದ ಮನೆ."

ಹುಡುಗಿ ತುಟಿ ಅಲ್ಲಾಡಿಸುತ್ತ ನಿಂತಳು. ಕೇಳಿದ್ದನ್ನು ತಂಗಿಗೆ ತಿಳಿಯುವ ಹಾಗೆ ಹೊಂದಿಸಿಕೊಳ್ಳುತ್ತಿದ್ದಳು.

"ಹಂಗಾದ್ರ ಅವ್ವ ಬಾಜೂ ಮನ್ಯಾಗ ಅದಾಳ ಅಂತ ಹೇಳ್ತೇನ್ರಿ," ಅಂದಳು.